ತೋಟದ ಆಫೀಸಿನ ಡೆಸ್ಕ್‌ಟಾಪ್: ವಿಂಡೋಸ್ 10 ತೆಗೆದು ಲಿನಕ್ಸ್ ಮಿಂಟ್ ಹಾಕುವ ಪೂರ್ತಿ ಕೆಲಸ, ಡಿಸ್ಕಿನ ಬೀಗ ಸಮೇತ

ಚಿಕ್ಕಮಗಳೂರು, ಆಲ್ದೂರು, ಮೂಡಿಗೆರೆ ಕಡೆಯ ಯಾವ ಕಾಫಿ ತೋಟದ ಆಫೀಸಿಗೆ ಹೋದರೂ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಸಿಗುವುದು ಹೆಚ್ಚುಕಡಿಮೆ ಒಂದೇ ಬಗೆಯ ಸರಕು: ಮಸ್ಟರ್ ರೋಲ್, ಕೆಲಸದವರ ಆಧಾರ್ ಸ್ಕ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ಪಿಎಫ್ ನಂಬರು, ಇಂಚು-ಸೆಂಟಿನಲ್ಲಿ ಬರೆದಿಟ್ಟ ಮಳೆ ಲೆಕ್ಕ, ಟ್ಯಾಲಿ. ಈಗ ಯುರೋಪಿನ ಅರಣ್ಯನಾಶ ತಡೆ ನಿಯಮಕ್ಕೆಂದು ತೆಗೆದ ತೋಟದ ಜಿಪಿಎಸ್ ಗುರುತುಗಳೂ ಸೇರಿವೆ. ಇದರಲ್ಲಿ ಮಾಲೀಕರ ಸ್ವಂತದ್ದು ಸ್ವಲ್ಪ. ಉಳಿದದ್ದೆಲ್ಲ ಲೈನ್‌ಮನೆಯಲ್ಲಿರುವವರದ್ದು, ಕೊಯ್ಲಿಗೆಂದು ದೂರದ ಊರಿಂದ ಬಂದು ಹೋದವರದ್ದು. ಯಾವ ಆಪರೇಟಿಂಗ್ ಸಿಸ್ಟಮ್ ಹಾಕೋಣ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಕೇಳದೆ ಇಟ್ಟುಕೊಂಡ ಮಾಹಿತಿಯನ್ನು ಕಾಯುವ ಹೊಣೆ ಆಫೀಸಿನದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಧೋರಣೆಯೂ ಇದೇ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೇಗೂ ಬದಲಿಸಲೇಬೇಕಾದ ಹೊತ್ತಿನಲ್ಲಿ ಸರಿಯಾಗಿ ಬದಲಿಸೋಣ, ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ ಡಿಸ್ಕಿಗೂ ಬೀಗ ಹಾಕೋಣ ಎಂಬುದು ಈ ಕೆಲಸದ ಹಿಂದಿನ ಯೋಚನೆ. ಅರೇಬಿಕಾ ಕೊಯ್ಲು ಶುರುವಾದ ಮೇಲೆ ಈ ಕೆಲಸಕ್ಕೆ ಕೈ ಹಾಕಬೇಡಿ. ವಾರದ ಬಟವಾಡೆ ಹತ್ತಿರವಿದ್ದಾಗ ಪ್ರಿಂಟರ್ ಓಡದಿದ್ದರೆ ಹಳೆಯದನ್ನೇ ವಾಪಸ್ ಹಾಕಿಸುತ್ತಾರೆ. ಮಳೆಗಾಲದ ನಡುವೆ ಎರಡು ದಿನ ಬಿಡುವು ಮಾಡಿಕೊಳ್ಳಿ.

ಯಂತ್ರ ಮತ್ತು ಸಾಮಾನು

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಇಂತಹ ಆಫೀಸುಗಳಲ್ಲಿ ಸಾಮಾನ್ಯವಾಗಿ ಕಾಣುವ ಜೋಡಣೆ: ಇಂಟೆಲ್ ಐ3-6100, ಎಚ್110 ಬೋರ್ಡ್, 4 ಜಿಬಿ ಡಿಡಿಆರ್4 ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಎಚ್‌ಪಿ ಲೇಸರ್‌ಜೆಟ್ 1020 ಪ್ರಿಂಟರ್. ತರಬೇಕಾದದ್ದು:

- 480 ಅಥವಾ 500 ಜಿಬಿ ಸಾಟಾ ಎಸ್‌ಎಸ್‌ಡಿ 1, ಜೊತೆಗೆ ಸಾಟಾ ಕೇಬಲ್ 1
- 8 ಜಿಬಿ ಡಿಡಿಆರ್4 ರ‍್ಯಾಮ್ 2 (ಟ್ಯಾಲಿಯ ಗೋಜಿಲ್ಲದಿದ್ದರೆ 1 ಸಾಕು)
- ಸಿಆರ್2032 ಬ್ಯಾಟರಿ 1
- 8 ಜಿಬಿ ಪೆನ್‌ಡ್ರೈವ್ 1
- 1 ಟಿಬಿ ಹೊರ ಹಾರ್ಡ್ ಡಿಸ್ಕ್ 2

ಬ್ಯಾಟರಿಯನ್ನು ಪಟ್ಟಿಯಿಂದ ತೆಗೆಯಬೇಡಿ. ಸಂಜೆ ಮೇನ್ ಸ್ವಿಚ್ ಆರಿಸಿ ಹೋಗುವ ಆಫೀಸುಗಳಲ್ಲಿ ಬೋರ್ಡಿನ ಈ ಬಿಲ್ಲೆ ಬೇಗ ಸಾಯುತ್ತದೆ. ಬೆಳಗ್ಗೆ ಗಡಿಯಾರ ಬೋರ್ಡ್ ತಯಾರಾದ ವರ್ಷಕ್ಕೆ ಹೋಗಿ ನಿಂತಿರುತ್ತದೆ. ಆಗ ಬ್ರೌಸರ್ ಪ್ರತಿ ತಾಣದ ಪ್ರಮಾಣಪತ್ರವೂ ಇನ್ನೂ ಜಾರಿಗೆ ಬಂದಿಲ್ಲ ಎಂದು ತಡೆಯುತ್ತದೆ. ಕೂತವರು ಬೇಸತ್ತು ಎಚ್ಚರಿಕೆಯನ್ನು ದಾಟಿ ಮುಂದೆ ಹೋಗುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾರೆ. ಒಮ್ಮೆ ಅಂಟಿದ ಆ ಅಭ್ಯಾಸವನ್ನು ಯಾವ ಆಪರೇಟಿಂಗ್ ಸಿಸ್ಟಮ್ಮೂ ಬಿಡಿಸಲಾರದು.

ಪ್ರೊಸೆಸರ್ ಬಗ್ಗೆ ಒಂದು ಮಾತು. ಡಿಸ್ಕ್ ಎನ್‌ಕ್ರಿಪ್ಷನ್, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಡಿಸ್ಕಿನ ಬರಹವನ್ನು ಗುಪ್ತಲಿಪಿಗೆ ಬದಲಿಸುವುದು, ಹಗುರವಾಗಿ ನಡೆಯಲು ಪ್ರೊಸೆಸರಿನಲ್ಲೇ ಎಇಎಸ್ (ಆ ಗುಪ್ತಲಿಪಿಯ ವಿಧಾನ) ಆದೇಶಗಳಿರಬೇಕು. ಐ3-6100ರಲ್ಲಿ ಇವೆ. ಮೂರನೇ ತಲೆಮಾರಿನ ಡೆಸ್ಕ್‌ಟಾಪ್ ಐ3, ಉದಾಹರಣೆಗೆ ಐ3-3220ರಲ್ಲಿ, ಇಲ್ಲ. ಅಲ್ಲಿಯೂ ಎನ್‌ಕ್ರಿಪ್ಷನ್ ನಡೆಯುತ್ತದೆ, ಆದರೆ ದೊಡ್ಡ ಫೈಲ್ ನಕಲು ಮಾಡುವಾಗ ಯಂತ್ರ ಏದುಸಿರು ಬಿಡುತ್ತದೆ. ಪರೀಕ್ಷಿಸಲು ಲೈವ್ ಪೆನ್‌ಡ್ರೈವಿನಿಂದ (ಡಿಸ್ಕಿಗೆ ಹಾಕದೆಯೇ ಮಿಂಟ್ ಓಡಿಸುವ ಪೆನ್‌ಡ್ರೈವ್, ಮಾಡುವ ಬಗೆ ಕೆಳಗಿದೆ) ಬೂಟ್ ಮಾಡಿ ಟರ್ಮಿನಲ್‌ನಲ್ಲಿ ‘ಕ್ರಿಪ್ಟ್‌ಸೆಟಪ್ ಬೆಂಚ್‌ಮಾರ್ಕ್’ ಓಡಿಸಿ. ಎಇಎಸ್-ಎಕ್ಸ್‌ಟಿಎಸ್ ಸಾಲಿನಲ್ಲಿ ಸೆಕೆಂಡಿಗೆ 1000 ಎಂಬಿ ಆಸುಪಾಸು ಅಥವಾ ಮೇಲೆ ಬಂದರೆ ನಿಶ್ಚಿಂತೆ. ಸಾಟಾ ಎಸ್‌ಎಸ್‌ಡಿಯ ಮಿತಿಯೇ ಸುಮಾರು 550 ಎಂಬಿ. (ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.)

ಯಾಕೆ ಮಿಂಟ್

ಪ್ರತಿ ಆಪರೇಟಿಂಗ್ ಸಿಸ್ಟಮ್ಮಿಗೂ ನಾಲ್ಕು ಪ್ರಶ್ನೆ ಹಾಕಿ. ಬಳಸಲು ಕಂಪನಿಯ ಖಾತೆ ಬೇಕೇ ಬೇಕೆ? ಅದು ತಾನಾಗಿ ಹೊರಗೆ ಕಳಿಸುವುದನ್ನು ಪೂರ್ತಿ ನಿಲ್ಲಿಸಬಹುದೆ? ಡಿಸ್ಕಿನ ಬೀಗದ ಕೈ ಯಾರ ಬಳಿ ಇರುತ್ತದೆ? ಈ ಹಳೇ ಯಂತ್ರಕ್ಕೆ ಇನ್ನೆಷ್ಟು ವರ್ಷ ಭದ್ರತಾ ಅಪ್‌ಡೇಟ್ ಬರುತ್ತದೆ?

ವಿಂಡೋಸ್ 11 ನಾಲ್ಕನೆಯದರಲ್ಲೇ ಬೀಳುತ್ತದೆ. ಅಧಿಕೃತ ಪಟ್ಟಿಯಲ್ಲಿ ಇಂಟೆಲ್ ಎಂಟನೇ ತಲೆಮಾರಿಗಿಂತ ಹಿಂದಿನ ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಲ್ಲ, ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು. ಅಡ್ಡದಾರಿಯಲ್ಲಿ ಹಾಕಬಹುದು, ಆದರೆ ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಹೊಸ ಯಂತ್ರ ಕೊಂಡರೂ ಉಳಿದ ಮೂರು ಪ್ರಶ್ನೆ ಹಾಗೇ ನಿಲ್ಲುತ್ತವೆ. ಹೋಮ್ ಮತ್ತು ಪ್ರೋ ಆವೃತ್ತಿಗಳು ಮೊದಲ ಸೆಟಪ್‌ನಲ್ಲೇ ಮೈಕ್ರೋಸಾಫ್ಟ್ ಖಾತೆ ಕೇಳುತ್ತವೆ, ಸ್ಥಳೀಯ ಖಾತೆಗಿದ್ದ ಒಳದಾರಿಗಳು ಒಂದೊಂದಾಗಿ ಮುಚ್ಚುತ್ತಿವೆ. ‘ಐಚ್ಛಿಕ’ ಡಯಾಗ್ನೋಸ್ಟಿಕ್ ಮಾಹಿತಿಯನ್ನು ಆರಿಸಬಹುದು, ‘ಅಗತ್ಯ’ ಎಂದು ಕರೆದಿರುವುದನ್ನು ಈ ಆವೃತ್ತಿಗಳಲ್ಲಿ ಆರಿಸಲಾಗದು. ಪೂರ್ತಿ ನಿಲ್ಲಿಸುವ ನೀತಿ ಕೆಲಸ ಮಾಡುವುದು ಎಂಟರ್‌ಪ್ರೈಸ್, ಎಜುಕೇಷನ್, ಸರ್ವರ್ ಆವೃತ್ತಿಗಳಲ್ಲಿ. ಡಿಸ್ಕ್ ಎನ್‌ಕ್ರಿಪ್ಷನ್ 24ಎಚ್2 ಆವೃತ್ತಿಯಿಂದ ಹೊಸ ಯಂತ್ರಗಳಲ್ಲಿ ತಾನಾಗಿ ಆನ್ ಆಗುತ್ತದೆ, ಕಳ್ಳತನದ ಮಟ್ಟಿಗೆ ಅದು ಒಳ್ಳೆಯದೇ. ಆದರೆ ಆ 48 ಅಂಕಿಯ ರಿಕವರಿ ಕೀ ಖಾತೆಯ ಮೂಲಕ ಕಂಪನಿಯ ಸರ್ವರಿನಲ್ಲಿ ಕೂರುತ್ತದೆ. 2024ರ ಮೇನಲ್ಲಿ ಘೋಷಿಸಿದ ‘ರೀಕಾಲ್’, ಅಂದರೆ ಪರದೆಯ ಚಿತ್ರ ಆಗಾಗ ತೆಗೆದಿಡುವ ಸೌಲಭ್ಯ, ಟೀಕೆಯ ನಂತರ ಒಪ್ಪಿದವರಿಗೆ ಮಾತ್ರ ಎಂದಾಯಿತು, ಅದಕ್ಕೆ ಎನ್‌ಪಿಯು ಎಂಬ ವಿಶೇಷ ಎಐ ಘಟಕ ಇರುವ ಯಂತ್ರವೇ ಬೇಕು. ಈ ಐ3ಗೆ ಅದರ ಭಯವಿಲ್ಲ. ಆದರೂ ಅಂಥದೊಂದು ಸೌಲಭ್ಯ ನಾಳೆ ಅಪ್‌ಡೇಟಿನಲ್ಲಿ ಬಂದಾಗ ಬೇಡವೆನ್ನುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಈಗಲೇ ನೋಡಿಕೊಳ್ಳಬೇಕು.

ಮ್ಯಾಕ್ ಈ ವಿಷಯದಲ್ಲಿ ವಾಸಿ, ಆದರೂ ಪೂರ್ತಿ ಮೌನಿಯಲ್ಲ. 2020ರ ನವೆಂಬರ್ 12ರಂದು ಆಪಲ್‌ನ ಒಂದು ಸರ್ವರ್ ನಿಧಾನವಾದಾಗ ಜಗತ್ತಿನ ಎಲ್ಲೆಡೆ ಮ್ಯಾಕ್‌ಗಳಲ್ಲಿ ಅಪ್ಲಿಕೇಷನ್ ತೆರೆಯುವುದೇ ತಡವಾಯಿತು. ಅಪ್ಲಿಕೇಷನ್ ತೆರೆಯುವಾಗ ತಯಾರಕರ ಪ್ರಮಾಣಪತ್ರವನ್ನು ಆಪಲ್ ಸರ್ವರಿನಲ್ಲಿ ವಿಚಾರಿಸುವ ಪದ್ಧತಿ ಇದೆಯೆಂದು, ಅದೂ ಎನ್‌ಕ್ರಿಪ್ಟ್ ಆಗದೆ ಹೋಗುತ್ತಿತ್ತೆಂದು ಬಹಳ ಜನಕ್ಕೆ ಗೊತ್ತಾದದ್ದು ಅಂದು. ಆಮೇಲೆ ಆಪಲ್ ಐಪಿ ವಿಳಾಸ ದಾಖಲಿಸುವುದನ್ನು ನಿಲ್ಲಿಸಿತು. ಕ್ರೋಮ್ ಓಎಸ್ ಫ್ಲೆಕ್ಸ್‌ಗೆ ಗೂಗಲ್ ಖಾತೆಯೇ ಬುನಾದಿ, ಅಲ್ಲಿಗೆ ಆ ಮಾತು ಮುಗಿಯಿತು. ಪೆನ್‌ಡ್ರೈವಿನಿಂದ ಓಡುವ ಟೇಲ್ಸ್ ಎಂಬ ಲಿನಕ್ಸ್ ಮರುಬೂಟಿನಲ್ಲಿ ಎಲ್ಲ ಮರೆಯಲೆಂದೇ ಕಟ್ಟಿದ್ದು, ಲೆಕ್ಕದ ಮೇಜಿಗೆ ಹೊಂದದು.

ಲಿನಕ್ಸ್ ಎಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಉಬುಂಟು 12.10ರಲ್ಲಿ, ಅಂದರೆ 2012ರ ಅಕ್ಟೋಬರಿನಲ್ಲಿ, ಸ್ವಂತ ಡಿಸ್ಕಿನ ಫೈಲ್ ಹುಡುಕಲು ಟೈಪ್ ಮಾಡಿದ ಪದ ಅಮೆಜಾನ್ ಫಲಿತಾಂಶಕ್ಕಾಗಿ ಹೊರಗೆ ಹೋಗುತ್ತಿತ್ತು. 16.04ರಲ್ಲಿ ಅದನ್ನು ಮೂಲದಲ್ಲೇ ಆರಿಸಿಟ್ಟರು. ಡೆಬಿಯನ್ ಇನ್‌ಸ್ಟಾಲ್ ಹೊತ್ತಿನಲ್ಲಿ ಪ್ಯಾಕೇಜ್ ಬಳಕೆಯ ಸಮೀಕ್ಷೆಗೆ ಸೇರುತ್ತೀರಾ ಎಂದು ಕೇಳುತ್ತದೆ, ಮೊದಲೇ ಗುರುತಾಗಿರುವ ಉತ್ತರ ‘ಇಲ್ಲ’. ಕೇಳುವುದಾದರೆ ಹೀಗೆ ಕೇಳಬೇಕು. ಲಿನಕ್ಸ್ ಮಿಂಟ್ 22 ಉಬುಂಟು 24.04ರ ಮೇಲೆ ಕಟ್ಟಿದ್ದು. ಖಾತೆ ಕೇಳುವುದಿಲ್ಲ, ಬಳಕೆಯ ಅಂಕಿಅಂಶ ಕಳಿಸುವುದಿಲ್ಲ, 2029ರವರೆಗೆ ಅಪ್‌ಡೇಟ್ ಇದೆ. ಡೆಬಿಯನ್ ಇಷ್ಟೇ ಒಳ್ಳೆಯದು. ವಿಂಡೋಸ್ ಕಂಡ ಕಣ್ಣಿಗೆ ಮಿಂಟಿನ ಮೆನು ಹೊಸತೆನಿಸದು, ತೋಟದ ರೈಟರ್ (ಲೆಕ್ಕ ಬರೆಯುವವರು) ಮಾರನೇ ದಿನವೇ ಕೂತು ಕೆಲಸ ಮಾಡಬಹುದು ಎಂಬ ಒಂದೇ ಕಾರಣಕ್ಕೆ ಇಲ್ಲಿ ಮಿಂಟ್.

ಬಿಚ್ಚುವ ಮುನ್ನ

ಅತಿ ಹೆಚ್ಚು ಅನಾಹುತ ಆಗುವುದು ಈ ಹಂತದಲ್ಲಿ.

ಒನ್‌ಡ್ರೈವ್ ಆನ್ ಆಗಿದ್ದರೆ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಫೋಲ್ಡರ್‌ಗಳೇ ಅದರೊಳಗೆ ಸರಿದಿರುತ್ತವೆ. ಫೈಲಿನ ಪಕ್ಕ ಮೋಡದ ಗುರುತಿದ್ದರೆ ಅದು ಈ ಡಿಸ್ಕಿನಲ್ಲಿ ಇಲ್ಲ, ಬರೀ ಹೆಸರು ಇದೆ. ಹಾರ್ಡ್ ಡಿಸ್ಕ್ ಕಳಚಿ ಲಿನಕ್ಸ್‌ನಿಂದ ನಕಲು ಮಾಡಲು ಹೊರಟರೆ ಆ ಫೈಲ್ ತೆರೆಯದು. ವಿಂಡೋಸ್‌ನಲ್ಲಿ ಇರುವಾಗಲೇ ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಕೊಟ್ಟು, ಎಲ್ಲ ಗುರುತೂ ತುಂಬಿದ ಹಸಿರು ಆಗುವವರೆಗೆ ಕಾಯಿರಿ. ಆಧಾರ್ ಸ್ಕ್ಯಾನ್‌ಗಳು ಯಾರಿಗೂ ತಿಳಿಯದೆ ಕ್ಲೌಡಿಗೆ ಏರಿರುವುದು ಪತ್ತೆಯಾಗುವುದೂ ಇಲ್ಲೇ. ಇಳಿಸಿಕೊಂಡ ಮೇಲೆ ಒನ್‌ಡ್ರೈವ್ ತಾಣಕ್ಕೆ ಹೋಗಿ ಅಲ್ಲಿನ ಪ್ರತಿ ಅಳಿಸಿ, ಅಲ್ಲಿನ ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ.

ಬಿಟ್‌ಲಾಕರ್, ಅಂದರೆ ವಿಂಡೋಸಿನದೇ ಡಿಸ್ಕ್ ಬೀಗ, ಆನ್ ಇದೆಯೇ ನೋಡಿ. ಇದ್ದರೆ ಅದರ ರಿಕವರಿ ಕೀಯ 48 ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಳ್ಳದೆ ಬಯಾಸ್ (ಬೋರ್ಡಿನ ಆರಂಭಿಕ ಸೆಟ್ಟಿಂಗ್) ಮುಟ್ಟಬೇಡಿ. ಅಲ್ಲಿನ ಸೆಕ್ಯೂರ್ ಬೂಟ್ (ಸಹಿಯಿರುವ ಸಿಸ್ಟಮ್ ಮಾತ್ರ ಶುರುವಾಗಲು ಬಿಡುವ ಆಯ್ಕೆ) ಒಮ್ಮೆ ಬದಲಿಸಿದರೆ ಬಿಟ್‌ಲಾಕರ್ ಕೀ ಕೇಳಿ ಕೂರಬಹುದು.

ಆರಿಸುವಾಗ ಶಿಫ್ಟ್ ಕೀಲಿ ಒತ್ತಿಹಿಡಿದು ಶಟ್‌ಡೌನ್ ಒತ್ತಿ. ಫಾಸ್ಟ್ ಸ್ಟಾರ್ಟಪ್ ಇರುವ ವಿಂಡೋಸ್ ನಿಜವಾಗಿ ಆರುವುದಿಲ್ಲ, ಅರ್ಧ ನಿದ್ದೆಗೆ ಜಾರುತ್ತದೆ. ಆ ಸ್ಥಿತಿಯ ಡಿಸ್ಕನ್ನು ಲಿನಕ್ಸ್ ಓದಲು ಮಾತ್ರ ಕೊಡುತ್ತದೆ, ಇಲ್ಲವೇ ತೆರೆಯಲು ಒಪ್ಪುವುದಿಲ್ಲ.

ಬ್ರೌಸರಿನ ಪಾಸ್‌ವರ್ಡ್‌ಗಳನ್ನು ಸಿಎಸ್‌ವಿಗೆ ತೆಗೆದರೆ ಅದು ಬೀಗವಿಲ್ಲದ ಬರೀ ಪಠ್ಯ. ಪೆನ್‌ಡ್ರೈವಿನಲ್ಲಿ ಮರೆತು ಬಿಡುವಂಥದ್ದಲ್ಲ. ಹೊಸ ಸಿಸ್ಟಮ್ಮಿನಲ್ಲಿ ಕೀಪಾಸ್‌ಎಕ್ಸ್‌ಸಿ ಎಂಬ ಪಾಸ್‌ವರ್ಡ್ ಪೆಟ್ಟಿಗೆಗೆ ಸೇರಿಸಿದ ಕೂಡಲೇ ಅಳಿಸಿ. ಟ್ಯಾಲಿಯಲ್ಲಿ ಬ್ಯಾಕಪ್ ತೆಗೆಯಿರಿ, ಡೇಟಾ ಫೋಲ್ಡರನ್ನೂ ಇದ್ದ ಹಾಗೇ ನಕಲು ಮಾಡಿ. ಎರಡೂ ಇರಲಿ.

ಪೆನ್‌ಡ್ರೈವ್

ಮಿಂಟಿನ ಐಎಸ್‌ಒ, ಅಂದರೆ ಇನ್‌ಸ್ಟಾಲ್ ಮಾಡುವ ಫೈಲ್, ಸುಮಾರು 3 ಜಿಬಿ. ಇಳಿಸಿದ ಮೇಲೆ ವಿಂಡೋಸಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಸರ್ಟ್‌ಯುಟಿಲ್ -ಹ್ಯಾಶ್‌ಫೈಲ್’, ಫೈಲಿನ ಹೆಸರು, ‘ಎಸ್‌ಎಚ್‌ಎ256’ ಎಂದು ಕೊಟ್ಟು, ಬಂದ 64 ಅಕ್ಷರಗಳನ್ನು (ಫೈಲಿನ ಬೆರಳಚ್ಚು ಇದ್ದಂತೆ) ಮಿಂಟ್ ತಾಣದ್ದಕ್ಕೆ ಹೋಲಿಸಿ. ಮೊದಲ ಎಂಟು, ಕೊನೆಯ ಎಂಟು ನೋಡಿ ಸುಮ್ಮನಾಗಬೇಡಿ, ಪೂರ್ತಿ ನೋಡಿ. ಬೆಟ್ಟದ ಸೆರಗಿನಲ್ಲಿ ಸಿಗ್ನಲ್ ಕಡಿದು ಅರ್ಧಕ್ಕೆ ನಿಂತ ಡೌನ್‌ಲೋಡ್ ಸಿಕ್ಕಿಬೀಳುವುದೂ ಇಲ್ಲೇ.

ಅದನ್ನು ಪೆನ್‌ಡ್ರೈವಿಗೆ ಬರೆಯಲು ರೂಫಸ್ ಎಂಬ ಉಪಕರಣ ಬಳಸಿ. ಬಲೇನಾಎಚರ್ ಎಂಬ ಹೆಸರಾಂತ ಉಪಕರಣ ಇಮೇಜ್ ಫೈಲಿನ ಹೆಸರನ್ನೂ ಪೆನ್‌ಡ್ರೈವಿನ ಮಾದರಿಯನ್ನೂ ತನ್ನ ಕಂಪನಿಗೆ ಕಳಿಸಲು ಶುರುಮಾಡಿದ ಕಾರಣ ಟೇಲ್ಸ್ ತಂಡ 2024ರಲ್ಲಿ ಅದರ ಶಿಫಾರಸು ಕೈಬಿಟ್ಟಿತು.

ಇನ್‌ಸ್ಟಾಲ್

ಹಳೇ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತಿಡಿ. ‘ಎರೇಸ್ ಡಿಸ್ಕ್’ ಎಂಬ ಆಯ್ಕೆಗೆ ಕಾಣುವ ಡಿಸ್ಕ್ ಒಂದೇ ಇದ್ದರೆ ತಪ್ಪು ಡಿಸ್ಕ್ ಅಳಿಯುವ ಪ್ರಶ್ನೆಯೇ ಬರುವುದಿಲ್ಲ. ಬಯಾಸ್‌ನಲ್ಲಿ ಯುಇಎಫ್‌ಐ ಮೋಡ್ ಇರಲಿ, ಸೆಕ್ಯೂರ್ ಬೂಟ್ ಆನ್ ಇದ್ದರೂ ಮಿಂಟ್ ಓಡುತ್ತದೆ. ಇಂಟರ್ನೆಟ್ಟಿಗೆ ಯುಎಸ್‌ಬಿ ವೈಫೈ ಚೂರುಗಳ ಡ್ರೈವರ್ ಹುಡುಕುತ್ತ ಕೂರುವ ಬದಲು ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಕೊಡಿ, ಬೇರೇನೂ ಬೇಡ.

‘ಎರೇಸ್ ಡಿಸ್ಕ್ ಆ್ಯಂಡ್ ಇನ್‌ಸ್ಟಾಲ್’ ಆರಿಸಿ, ಮುಂದುವರಿಯುವ ಮೊದಲು ‘ಅಡ್ವಾನ್ಸ್‌ಡ್ ಫೀಚರ್ಸ್’ ಒಳಗೆ ಎಲ್‌ವಿಎಂ (ಡಿಸ್ಕನ್ನು ಭಾಗ ಮಾಡುವ ಒಂದು ಪದ್ಧತಿ) ಮತ್ತು ಎನ್‌ಕ್ರಿಪ್ಷನ್ ಎರಡನ್ನೂ ಗುರುತು ಮಾಡಿ. ಈ ಗುಂಡಿ ಪುಟದ ಮೂಲೆಯಲ್ಲಿ ಅಡಗಿದ್ದು ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಮರೆತರೆ ಆಮೇಲೆ ಸೇರಿಸುವುದು ತ್ರಾಸದ ಕೆಲಸ, ಮತ್ತೆ ಇನ್‌ಸ್ಟಾಲ್ ಮಾಡುವುದೇ ಸುಲಭ. ‘ಎನ್‌ಕ್ರಿಪ್ಟ್ ಮೈ ಹೋಮ್ ಫೋಲ್ಡರ್’ ಎಂಬುದು ಬೇರೆ, ಅದಿಲ್ಲಿ ಬೇಡ.

ಡಿಸ್ಕಿನ ಬೀಗ ತೆರೆಯುವ ಪಾಸ್‌ಫ್ರೇಸ್‌ಗೆ (ಪದಗಳಿಂದ ಮಾಡಿದ ಉದ್ದ ಪಾಸ್‌ವರ್ಡ್) ದಾಳ ಎಸೆದು ಆರಿಸಿದ ಆರು ಪದ ಸಾಕು. 7776 ಪದಗಳ ಪಟ್ಟಿಯಿಂದ ಆರು ಪದವೆಂದರೆ ಸುಮಾರು 77 ಬಿಟ್, ಊಹಿಸಿ ತೆರೆಯಲಾಗದಷ್ಟು. ತೋಟದ ಹೆಸರು, ಮಗಳ ಹೆಸರು, ಹುಟ್ಟಿದ ವರ್ಷ ಬೇಡವೇ ಬೇಡ. ಬೂಟ್ ಹೊತ್ತಿನಲ್ಲಿ ಪಾಸ್‌ಫ್ರೇಸ್ ಕೇಳುವ ಪರದೆಯಲ್ಲಿ ಎರಡು ಕಡೆ ಎಡವುತ್ತಾರೆ. ಒಂದು ಕೀಬೋರ್ಡ್ ಲೇಔಟ್: ಇನ್‌ಸ್ಟಾಲ್ ಮಾಡುವಾಗ ಇಂಗ್ಲಿಷ್ ಯುಎಸ್ ಆರಿಸಿ, ಕನ್ನಡವನ್ನು ಆಮೇಲೆ ಎರಡನೆಯದಾಗಿ ಸೇರಿಸಿ. ಕನ್ನಡ ಮೊದಲನೆಯದಾದರೆ ಬೂಟ್ ಪರದೆಯಲ್ಲಿ ಒತ್ತಿದ ಅಕ್ಷರವೇ ಬೇರೆಯಾಗಬಹುದು, ಅಲ್ಲಿ ಕಾಣುವುದು ಬರೀ ಚುಕ್ಕಿ. ಇನ್ನೊಂದು ನಮ್ ಲಾಕ್: ಬಲಗಡೆಯ ಅಂಕಿಗಳ ಪಟ್ಟಿಯಲ್ಲಿ ಒತ್ತಿ ರೂಢಿಯಾದ ಕೈ ಅಲ್ಲೇ ಒತ್ತುತ್ತದೆ, ನಮ್ ಲಾಕ್ ಆರಿದ್ದರೆ ಏನೂ ಬೀಳುವುದಿಲ್ಲ. ಅಂಕಿಯೇ ಇಲ್ಲದ ಪಾಸ್‌ಫ್ರೇಸ್ ಇಟ್ಟರೆ ಈ ಎರಡನೇ ತೊಂದರೆ ಬುಡದಲ್ಲೇ ಕಳೆಯುತ್ತದೆ.

ಬೂಟ್ ಆದ ಮೇಲೆ ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಕೊಟ್ಟು ‘ಕ್ರಿಪ್ಟೊ_ಲುಕ್ಸ್’ ಎಂದಿರುವ ಭಾಗ ಹುಡುಕಿ (ಲುಕ್ಸ್ ಎಂದರೆ ಲಿನಕ್ಸ್‌ನ ಡಿಸ್ಕ್ ಬೀಗ), ಸಾಮಾನ್ಯವಾಗಿ ಅದು ಮೂರನೆಯದು. ಅದಕ್ಕೆ ‘ಕ್ರಿಪ್ಟ್‌ಸೆಟಪ್ ಲುಕ್ಸ್‌ಆ್ಯಡ್‌ಕೀ’ ಮೂಲಕ ಎರಡನೇ ಪಾಸ್‌ಫ್ರೇಸ್ ಸೇರಿಸಿ. ಮೊದಲನೆಯದು ದಿನಬಳಕೆಗೆ, ರೈಟರ್ ಬಳಿ. ಎರಡನೆಯದು ಕಾಗದದ ಮೇಲೆ, ಲಕೋಟೆಯಲ್ಲಿ, ಮಾಲೀಕರ ಮನೆಯ ಬೀರುವಿನಲ್ಲಿ. ರೈಟರ್ ಕೆಲಸ ಬಿಟ್ಟರೆ ಮೊದಲನೆಯದನ್ನು ಮಾತ್ರ ತೆಗೆದು ಹೊಸದು ಹಾಕಬಹುದು, ಡಿಸ್ಕ್ ಪೂರ್ತಿ ಮತ್ತೆ ಬರೆಯಬೇಕಿಲ್ಲ. ‘ಲುಕ್ಸ್‌ಹೆಡರ್‌ಬ್ಯಾಕಪ್’ ಆದೇಶದಿಂದ ಹೆಡರಿನ, ಅಂದರೆ ಬೀಗದ ವಿವರವಿರುವ ಮೊದಲ ಭಾಗದ, ಪ್ರತಿಯನ್ನೂ ತೆಗೆದಿಡಿ, 16 ಎಂಬಿಯ ಚಿಕ್ಕ ಫೈಲ್ ಅದು. ಸಿಡಿಲು, ವೋಲ್ಟೇಜ್ ಏರಿಳಿತದಲ್ಲಿ ಡಿಸ್ಕಿನ ಮೊದಲ ಭಾಗ ಕೆಟ್ಟರೆ ಸರಿಯಾದ ಪಾಸ್‌ಫ್ರೇಸ್ ಇದ್ದೂ ಬಾಗಿಲು ತೆರೆಯದು. ಆಗ ಕೈ ಹಿಡಿಯುವುದು ಈ ಪ್ರತಿಯೊಂದೇ. ಒಂದು ಎಚ್ಚರ: ಹೆಡರಿನ ಹಳೇ ಪ್ರತಿಯಲ್ಲಿ ಹಳೇ ಪಾಸ್‌ಫ್ರೇಸ್ ಜೀವಂತ ಇರುತ್ತದೆ. ಪಾಸ್‌ಫ್ರೇಸ್ ಬದಲಿಸಿದಾಗ ಪ್ರತಿಯನ್ನೂ ಹೊಸದಾಗಿ ತೆಗೆದು ಹಳೆಯದನ್ನು ಅಳಿಸಿ.

ಬೀಗ ಕೆಲಸ ಮಾಡುವುದು ಯಂತ್ರ ಆರಿದ್ದಾಗ ಮಾತ್ರ. ಚಾಲೂ ಇರುವ ಯಂತ್ರದ ಮುಂದೆ ಕೂತವರಿಗೆ ಎಲ್ಲವೂ ತೆರೆದೇ ಇದೆ. ಪರದೆ 5 ನಿಮಿಷಕ್ಕೆ ಲಾಕ್ ಆಗಲಿ, ಸಂಜೆ ಸಸ್ಪೆಂಡ್ ಮಾಡದೆ ಪೂರ್ತಿ ಆರಿಸಲಿ.

ಮೊದಲ ಬೂಟ್ ಆದ ಮೇಲೆ

ಸ್ವಾಗತ ಪರದೆಯಿಂದ ಅಪ್‌ಡೇಟ್, ಟೈಮ್‌ಶಿಫ್ಟ್ (ಸಿಸ್ಟಮ್ ಫೈಲುಗಳ ಬ್ಯಾಕಪ್) ಮುಗಿಸಿ, ಫೈರ್‌ವಾಲ್ ಆನ್ ಮಾಡಿ. ಮಿಂಟ್‌ನಲ್ಲಿ ಅದು ಮೊದಲಿಗೆ ಆರಿರುತ್ತದೆ. ಒಳಬರುವುದಕ್ಕೆ ‘ಡಿನೈ’, ಹೊರಹೋಗುವುದಕ್ಕೆ ‘ಅಲೋ’. ಅಡ್ಮಿನ್ ಖಾತೆ ಒಂದು, ರೈಟರ್‌ಗೆ ಸಾಮಾನ್ಯ ಖಾತೆ ಒಂದು, ಮಾಲೀಕರಿಗೆ ಒಂದು. ಒಬ್ಬರ ಹೋಮ್ ಫೋಲ್ಡರ್ ಇನ್ನೊಬ್ಬರಿಗೆ ತೆರೆಯದು.

ಸಿಸ್ಟಮ್ ಸೆಟ್ಟಿಂಗ್ಸ್‌ನ ಪ್ರೈವಸಿ ಪುಟದಲ್ಲಿ ನೋಡಬೇಕಾದದ್ದು ಎರಡು: ಇತ್ತೀಚಿನ ಫೈಲುಗಳ ನೆನಪು, ಮತ್ತು ಇಂಟರ್ನೆಟ್ ಸಂಪರ್ಕ ತಪಾಸಣೆ. ಎರಡನೆಯದನ್ನು ಆರಿಸಿದರೆ ಲಾಡ್ಜು, ಬಸ್ ನಿಲ್ದಾಣಗಳ ವೈಫೈ ಲಾಗಿನ್ ಪುಟ ತಾನಾಗಿ ತೆರೆಯುವುದಿಲ್ಲ. ಅಲುಗಾಡದ ಡೆಸ್ಕ್‌ಟಾಪಿಗೆ ಅದು ನಷ್ಟವೇ ಅಲ್ಲ.

ಫೈರ್‌ಫಾಕ್ಸ್‌ನಲ್ಲಿ ಕೆಲಸ ಹೆಚ್ಚು. ಸೆಟ್ಟಿಂಗ್ಸ್‌ನ ಪ್ರೈವಸಿ ಮತ್ತು ಸೆಕ್ಯುರಿಟಿ ಪುಟದಲ್ಲಿ ತಾಂತ್ರಿಕ ಮಾಹಿತಿ ಕಳಿಸುವುದು, ಸ್ಟಡೀಸ್, ಮತ್ತು 2024ರ ಜುಲೈನ 128ನೇ ಆವೃತ್ತಿಯಲ್ಲಿ ಬಂದ ಜಾಹೀರಾತು ಅಳತೆ, ಕಂಡದ್ದನ್ನೆಲ್ಲ ಆರಿಸಿ. ಹುಡುಕಾಟದ ಸಲಹೆಗಳನ್ನೂ ಆರಿಸಿ, ಇಲ್ಲದಿದ್ದರೆ ವಿಳಾಸ ಪಟ್ಟಿಯಲ್ಲಿ ಟೈಪ್ ಮಾಡುವ ಒಂದೊಂದು ಅಕ್ಷರವೂ ಹುಡುಕಾಟ ಕಂಪನಿಗೆ ಹೋಗುತ್ತದೆ. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಹಾಕಿ. ಇದಿಷ್ಟನ್ನೂ ಮಾಡದೆ ಕ್ರೋಮ್ ಹಾಕಿ, ಗೂಗಲ್ ಖಾತೆಯಲ್ಲಿ ಸಿಂಕ್ ಆನ್ ಮಾಡಿದರೆ ಕೆಳಗಿನ ಆಪರೇಟಿಂಗ್ ಸಿಸ್ಟಮ್ ಬದಲಿಸಿದ ಶ್ರಮದ ಬಹುಪಾಲು ನೀರಿನಲ್ಲಿ ಹೋಮ.

ಹೊರಗೆ ಏನು ಹೋಗುತ್ತಿದೆ, ಕಣ್ಣಾರೆ

ಹಳೇ ವಿಂಡೋಸ್ ಇರುವಾಗಲೇ ಒಂದು ಪರೀಕ್ಷೆ ಮಾಡಿಕೊಳ್ಳಿ: ಯಂತ್ರ ಯಾವ ಯಾವ ಸರ್ವರಿನ ವಿಳಾಸ ವಿಚಾರಿಸುತ್ತದೆ (ಈ ವಿಚಾರಣೆಯೇ ಡಿಎನ್‌ಎಸ್) ಎಂದು ನೋಡುವುದು. ಎಲ್ಲ ಅಪ್ಲಿಕೇಷನ್ ಮುಚ್ಚಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’, ಯಾರೂ ಮುಟ್ಟದೆ ಹತ್ತು ಹದಿನೈದು ನಿಮಿಷ, ಮತ್ತೆ ‘ಐಪಿಕಾನ್ಫಿಗ್ /ಡಿಸ್‌ಪ್ಲೇಡಿಎನ್‌ಎಸ್’. ಸೆಟ್ಟಿಂಗ್ಸ್-ವಿನ್, ವಿ10.ಇವೆಂಟ್ಸ್ ಎಂದು ಶುರುವಾಗಿ ಡೇಟಾ.ಮೈಕ್ರೋಸಾಫ್ಟ್.ಕಾಮ್ ಎಂದು ಮುಗಿಯುವ ಹೆಸರುಗಳು ಪಟ್ಟಿಯಲ್ಲಿ ಇವೆಯೇ ನೋಡಿ. ಡಯಾಗ್ನೋಸ್ಟಿಕ್ ಮಾಹಿತಿ ಹೋಗುವ ಬಾಗಿಲುಗಳು ಅವು. ಹಳೇ ಹೆಸರುಗಳು ಪಟ್ಟಿಯಿಂದ ಉದುರುತ್ತ ಇರುವುದರಿಂದ ಎರಡು ಮೂರು ಸಲ ನೋಡಿ. ಹೆಸರು ಕಾಣುತ್ತದೆ, ಒಳಗಿನ ಸರಕು ಕಾಣದು, ಅದು ಎನ್‌ಕ್ರಿಪ್ಟ್ ಆಗಿ ಹೋಗುತ್ತದೆ. ಒಳಗೇನಿದೆ ಎಂದು ನೋಡಲು ಮೈಕ್ರೋಸಾಫ್ಟ್ ತಾನೇ ಡಯಾಗ್ನೋಸ್ಟಿಕ್ ಡೇಟಾ ವ್ಯೂವರ್ ಎಂಬ ಅಪ್ಲಿಕೇಷನ್ ಕೊಟ್ಟಿದೆ. ತೆಗೆದು ಓದಿ, ಊಹೆಯ ಮೇಲೆ ಆರೋಪ ಮಾಡುವುದಕ್ಕಿಂತ ಅದು ಮೇಲು.

ಮಿಂಟ್‌ನಲ್ಲಿ ಟರ್ಮಿನಲ್ ತೆರೆದು ‘ಸುಡೊ ರಿಸಾಲ್ವ್‌ಸಿಟಿಎಲ್ ಮಾನಿಟರ್’ ಕೊಟ್ಟು ಯಂತ್ರವನ್ನು ಅರ್ಧ ಗಂಟೆ ಸುಮ್ಮನೆ ಬಿಡಿ. ಪರದೆ ಬಹುಪಾಲು ಖಾಲಿ ನಿಂತಿರುತ್ತದೆ. ಗಡಿಯಾರ ಸರಿಮಾಡಲು ಎನ್‌ಟಿಪಿ.ಉಬುಂಟು.ಕಾಮ್ ಎಂಬ ಹೆಸರು ಒಮ್ಮೆ ಬರುತ್ತದೆ. ಸಂಪರ್ಕ ತಪಾಸಣೆ ಆರಿಸದಿದ್ದರೆ ಕನೆಕ್ಟಿವಿಟಿ-ಚೆಕ್ ಎಂಬ ಹೆಸರು ಆಗಾಗ ತಲೆಹಾಕುತ್ತದೆ. ಅಪ್‌ಡೇಟ್ ಮ್ಯಾನೇಜರ್ ಎದ್ದಾಗ ಪ್ಯಾಕೇಜಸ್.ಲಿನಕ್ಸ್‌ಮಿಂಟ್.ಕಾಮ್ ಮತ್ತು ಉಬುಂಟುವಿನ ಸರ್ವರ್‌ಗಳು. ಬೇರೆ ಹೆಸರು ಕಂಡರೆ ಯಾವ ಅಪ್ಲಿಕೇಷನ್ ಹಾಕಿದ ಮೇಲೆ ಶುರುವಾಯಿತು ಎಂದು ಹಿಂದಕ್ಕೆ ಲೆಕ್ಕ ಹಾಕಿ. ಈ ಪರೀಕ್ಷೆಗೂ ಕುರುಡು ಜಾಗವಿದೆ: ಫೈರ್‌ಫಾಕ್ಸ್‌ನಲ್ಲಿ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ (ಬ್ರೌಸರ್ ತಾನೇ ಗುಪ್ತವಾಗಿ ವಿಳಾಸ ವಿಚಾರಿಸುವುದು) ಆನ್ ಇದ್ದರೆ ಅದರ ಹುಡುಕಾಟಗಳು ಇಲ್ಲಿ ಕಾಣುವುದಿಲ್ಲ.

ಕನ್ನಡ

ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ಸ್ ಪುಟದಲ್ಲಿ ‘ಕನ್ನಡ (ಕಗಪ, ಫೊನೆಟಿಕ್)’ ಸೇರಿಸಿದರೆ ನುಡಿ ಸಾಫ್ಟ್‌ವೇರಿನಲ್ಲಿ ಪಳಗಿದ ಬೆರಳು ಹಾಗೇ ಓಡುತ್ತದೆ. ಒತ್ತಿದ ಕೀಲಿ ಯಾವ ಸರ್ವರಿಗೂ ಹೋಗುವುದಿಲ್ಲ. ಫಾಂಟಿಗೆ ‘ಫಾಂಟ್ಸ್-ಕೆಎನ್‌ಡಿಎ’ ಪ್ಯಾಕೇಜ್ ಹಾಕಿದರೆ ಗುಬ್ಬಿ, ನವಿಲು, ಲೋಹಿತ್ ಬರುತ್ತವೆ.

ನಿಜವಾದ ತೊಡಕು ಹಳೇ ಫೈಲುಗಳು. ನುಡಿ, ಬರಹದ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪ್ ಮಾಡಿದ ಮಸ್ಟರ್ ರೋಲ್ ಲಿಬ್ರೆಆಫೀಸ್‌ನಲ್ಲಿ ತೆರೆದಾಗ ಆ ಫಾಂಟ್ ಇಲ್ಲದಿದ್ದರೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಇದನ್ನು ಯೂನಿಕೋಡಿಗೆ ಬದಲಿಸಿಕೊಡುವ ಜಾಲತಾಣಗಳು ಬೇಕಾದಷ್ಟಿವೆ, ಮತ್ತು ಇಡೀ ಪ್ರಯತ್ನ ಸೋರಿಹೋಗುವುದು ಅಲ್ಲೇ. ಇನ್ನೂರು ಜನರ ಹೆಸರು, ಅಪ್ಪನ ಹೆಸರು, ಖಾತೆ ನಂಬರನ್ನು ಗುರುತಿಲ್ಲದ ಪುಟವೊಂದರಲ್ಲಿ ಅಂಟಿಸಿ ಗುಂಡಿ ಒತ್ತುವುದು ಯಾವ ಟೆಲಿಮೆಟ್ರಿಗಿಂತಲೂ (ಸಿಸ್ಟಮ್ ತಾನಾಗಿ ಕಳಿಸುವ ಬಳಕೆಯ ಮಾಹಿತಿ) ಕೆಟ್ಟದ್ದು. ಹಳೇ ವಿಂಡೋಸ್‌ನಲ್ಲಿ ಇರುವಾಗಲೇ ನುಡಿ ಅಥವಾ ಬರಹದ ಜೊತೆಗಿರುವ ಪರಿವರ್ತಕದಲ್ಲಿ, ನೆಟ್ ಕೇಬಲ್ ಕಿತ್ತು, ಬದಲಿಸಿ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಮೊದಲು ನೋಡಿ: ಕಾರ್ಮಿಕ, ವರ್ಷ, ಪಾರ್ವತಿ. ಹಳೇ ಪದ್ಧತಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರ ಮುಂಚೆ ಬರಬೇಕು. ಕಳಪೆ ಪರಿವರ್ತಕ ಎಡವುವುದು ಅಲ್ಲಿ. ಹೆಸರಿನ ಒಂದು ಅಕ್ಷರ ತಪ್ಪಿ ಪಿಎಫ್ ದಾಖಲೆಗೆ ಹೊಂದದೆ ಹೋದರೆ ಅಲೆಯುವುದು ಆ ಕಾರ್ಮಿಕರು.

ಫೈಲುಗಳನ್ನು ಹೇಗೂ ಕೈಯಾಡಿಸುತ್ತಿರುವಾಗ ಕೆಲಸ ಬಿಟ್ಟುಹೋದವರ ಆಧಾರ್ ಸ್ಕ್ಯಾನ್ ಬೇಕೇ ಎಂದು ಕೇಳಿಕೊಳ್ಳಿ. ಕಾನೂನಿಗೆ ಬೇಕಾದ ರಿಜಿಸ್ಟರ್ ಉಳಿಯಲಿ, ಚಿತ್ರ ಹೋಗಲಿ. ಹೊಸಬರಿಂದ ಗುರುತಿಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್‌ಡ್ ಆಧಾರ್ ಪಡೆಯಿರಿ. ಇಟ್ಟುಕೊಳ್ಳದ ಮಾಹಿತಿಗೆ ಬೀಗವೇ ಬೇಡ.

ಪ್ರಿಂಟರ್, ಟ್ಯಾಲಿ

ಲೇಸರ್‌ಜೆಟ್ 1020ಕ್ಕೆ ತನ್ನದೇ ನೆನಪಿಲ್ಲ, ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಕಂಪ್ಯೂಟರ್ ಅದಕ್ಕೆ ಫರ್ಮ್‌ವೇರ್ (ಪ್ರಿಂಟರನ್ನು ಓಡಿಸುವ ಒಳ ಸಾಫ್ಟ್‌ವೇರ್) ಉಣಿಸಬೇಕು. ‘ಎಚ್‌ಪಿ-ಪ್ಲಗಿನ್’ ಓಡಿಸಿದರೆ ಅದು ಇಳಿಯುತ್ತದೆ. ಪ್ಲಗಿನ್ನಿನ ಆವೃತ್ತಿ ಎಚ್‌ಪಿಎಲ್‌ಐಪಿ ಎಂಬ ಎಚ್‌ಪಿಯ ಲಿನಕ್ಸ್ ಪ್ರಿಂಟರ್ ಸಾಫ್ಟ್‌ವೇರಿನ ಆವೃತ್ತಿಗೆ ಸರಿಯಾಗಿ ಹೊಂದಬೇಕು. ಅಪ್‌ಡೇಟ್ ಆದ ಮಾರನೇ ದಿನ ಪ್ರಿಂಟ್ ಬರದಿದ್ದರೆ ಮತ್ತೆ ಅದೇ ಆದೇಶ ಓಡಿಸಿ. ಕ್ಯಾನನ್ ಎಲ್‌ಬಿಪಿ2900 ಇರುವ ಆಫೀಸಿಗೆ ದಾರಿ ಕಠಿಣ, ಅದರ ಲಿನಕ್ಸ್ ಡ್ರೈವರ್ ಹಳೆಯದು, ಹಠಮಾರಿ. ಅದನ್ನು ಕೆಳಗೆ ಹೇಳುವ ವರ್ಚುವಲ್ ಯಂತ್ರಕ್ಕೆ (ಮಿಂಟಿನೊಳಗೆ ಸಾಫ್ಟ್‌ವೇರಾಗಿ ಓಡುವ ಇನ್ನೊಂದು ಕಂಪ್ಯೂಟರ್) ಯುಎಸ್‌ಬಿ ಮೂಲಕ ಒಪ್ಪಿಸುವುದು ವಾಸಿ.

ಟ್ಯಾಲಿಪ್ರೈಮ್ ವಿಂಡೋಸ್‌ಗೇ ಮಾಡಿದ್ದು. ವರ್ಚುವಲ್‌ಬಾಕ್ಸ್‌ನಲ್ಲಿ 60 ಜಿಬಿ ಡಿಸ್ಕ್, 4 ಜಿಬಿ ರ‍್ಯಾಮ್ ಕೊಟ್ಟು ವಿಂಡೋಸ್ ಹಾಕಿ. ಒಟ್ಟು 16 ಜಿಬಿ ಬೇಕೆಂದದ್ದು ಇದಕ್ಕೆ. ಹಳೇ ಯಂತ್ರದ ಜೊತೆ ಬಂದ ಓಇಎಂ ಲೈಸೆನ್ಸ್ ಇಲ್ಲಿ ನಡೆಯುತ್ತದೆಂದು ನೆಚ್ಚಬೇಡಿ, ಬೇರೆ ಲೈಸೆನ್ಸಿಗೆ ಲೆಕ್ಕ ಹಾಕಿಕೊಳ್ಳಿ. ಟ್ಯಾಲಿ ಲೈಸೆನ್ಸ್ ಸಕ್ರಿಯಗೊಳಿಸಿದ ಮೇಲೆ ಆ ಯಂತ್ರದ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ‘ಕೇಬಲ್ ಕನೆಕ್ಟೆಡ್’ ಗುರುತು ತೆಗೆಯಿರಿ. ಲೈಸೆನ್ಸ್ ನವೀಕರಣಕ್ಕೆ ಬೇಕಾದಾಗ ಹಾಕಿ, ಮುಗಿದ ಕೂಡಲೇ ಮತ್ತೆ ತೆಗೆಯಿರಿ. ಜಿಎಸ್‌ಟಿ ರಿಟರ್ನನ್ನು ಟ್ಯಾಲಿಯಿಂದ ಜೆಸನ್ ಫೈಲಾಗಿ ತೆಗೆದು, ಶೇರ್ಡ್ ಫೋಲ್ಡರ್ ಮೂಲಕ ಹೊರತಂದು, ಮಿಂಟಿನ ಫೈರ್‌ಫಾಕ್ಸ್‌ನಿಂದ ಪೋರ್ಟಲ್ಲಿಗೆ ಏರಿಸಿ. ಆ ಶೇರ್ಡ್ ಫೋಲ್ಡರಿನಲ್ಲಿ ಬೇರೇನೂ ಇರದಿರಲಿ. ಲೆಕ್ಕದ ಸಮಸ್ಯೆಗೆ ದೂರದಿಂದ ಪರದೆ ಹಂಚಿಕೊಳ್ಳಿ ಎಂದವರಿಗೆ ಈ ವರ್ಚುವಲ್ ಯಂತ್ರದ ಪರದೆ ಮಾತ್ರ ತೋರಿಸಿ, ಅಂಥ ಸಾಫ್ಟ್‌ವೇರ್ ಮಿಂಟ್‌ನಲ್ಲಿ ಬೇಡ. ಡಿಜಿಟಲ್ ಸಹಿಯ ಟೋಕನ್ ಇದ್ದರೆ ಅದು ಲಿನಕ್ಸ್‌ನಲ್ಲಿ ಓಡುತ್ತದೆಯೇ ಎಂದು ಲೈವ್ ಪೆನ್‌ಡ್ರೈವಿನಲ್ಲೇ ಪರೀಕ್ಷಿಸಿ ಆಮೇಲೆ ಮುಂದುವರಿಯಿರಿ.

ಬ್ಯಾಕಪ್ ಮತ್ತು ಹಳೇ ಡಿಸ್ಕ್

ಹೊರ ಡಿಸ್ಕ್ ಎರಡನ್ನೂ ‘ಡಿಸ್ಕ್ಸ್’ ಉಪಕರಣದಲ್ಲಿ ಲುಕ್ಸ್ ಜೊತೆ ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ. ಬೀಗ ಹಾಕಿದ ಯಂತ್ರದ ಬ್ಯಾಕಪ್ ಬೀಗವಿಲ್ಲದ ಡಿಸ್ಕಿನಲ್ಲಿದ್ದರೆ ಬಾಗಿಲಿಗೆ ಚಿಲಕ ಹಾಕಿ ಗೋಡೆ ಬಿಟ್ಟಂತೆ. ವಾರಕ್ಕೊಂದರಂತೆ ಅದಲು ಬದಲು, ಒಂದು ಆಫೀಸಿನಲ್ಲಿದ್ದಾಗ ಇನ್ನೊಂದು ಮನೆಯಲ್ಲಿ. ಟೈಮ್‌ಶಿಫ್ಟ್ ಕಾಯುವುದು ಸಿಸ್ಟಮ್ ಫೈಲುಗಳನ್ನು, ಮಸ್ಟರ್ ರೋಲನ್ನಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಡಬ್ಬಿಯಲ್ಲಿಡಿ, ಬೀರುವಿನ ಶೀತಕ್ಕೆ ಕನೆಕ್ಟರ್ ಹಸಿರುಗಟ್ಟುತ್ತದೆ.

ಹಳೇ 500 ಜಿಬಿ ಡಿಸ್ಕನ್ನು ಒಂದು ತಿಂಗಳು ತೆಗೆದಿಟ್ಟಿರಿ, ಮರೆತ ಫೈಲ್ ಒಂದಲ್ಲ ಒಂದು ಇದ್ದೇ ಇರುತ್ತದೆ. ಆಮೇಲೆ ಜೋಡಿಸಿ, ಡಿಸ್ಕ್ ಅಳಿಸುವ ‘ಎನ್‌ವೈಪ್’ ಹಾಕಿ, ಮಾದರಿ ಮತ್ತು ಸೀರಿಯಲ್ ನಂಬರ್ ಎರಡು ಸಲ ನೋಡಿ, ಸೊನ್ನೆ ತುಂಬುವ ವಿಧಾನ ಒಂದು ಸುತ್ತು ಓಡಿಸಿ. ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ ಬರೆಯಲು ಸುಮಾರು 85 ನಿಮಿಷ, ತಾಳೆ ನೋಡಲು ಇನ್ನಷ್ಟೇ ಹೊತ್ತು. ಯುಪಿಎಸ್ ಇಲ್ಲದೆ ಶುರು ಮಾಡಬೇಡಿ. ಹಳೆಯದೂ ಎಸ್‌ಎಸ್‌ಡಿ ಆಗಿದ್ದರೆ ಮೇಲ್ಬರಹ ಸಾಲದು, ‘ಎಚ್‌ಡಿಪಾರ್ಮ್’ ಮೂಲಕ ಸೆಕ್ಯೂರ್ ಎರೇಸ್ ಕೊಡಬೇಕು. ‘ಫ್ರೋಜನ್’ ಎಂದು ತೋರಿಸಿದರೆ ಯಂತ್ರವನ್ನು ಒಮ್ಮೆ ಸಸ್ಪೆಂಡ್ ಮಾಡಿ ಎಬ್ಬಿಸಿ, ಬಹುಪಾಲು ಬೋರ್ಡ್‌ಗಳಲ್ಲಿ ಅಷ್ಟಕ್ಕೇ ಬಿಡುತ್ತದೆ.

ಅಳಿಸುವ ಮುನ್ನ ‘ಸ್ಮಾರ್ಟ್‌ಸಿಟಿಎಲ್ -ಎ’ ಕೊಟ್ಟು ರೀಅಲೊಕೇಟೆಡ್ ಸೆಕ್ಟರ್ ಕೌಂಟ್ ಸಾಲಿನ ಕೊನೆಯ ಅಂಕಿ ನೋಡಿ. ಸೊನ್ನೆಯಿದ್ದರೆ, ಅಳಿಸಿದ ಡಿಸ್ಕನ್ನು ಸಿಸಿಟಿವಿ ಪೆಟ್ಟಿಗೆಗೋ ಬೇರೆ ಕೆಲಸಕ್ಕೋ ಕೊಡಬಹುದು. ಸೊನ್ನೆಗಿಂತ ಹೆಚ್ಚಿದ್ದರೆ, ಕೆಟ್ಟವೆಂದು ಡಿಸ್ಕ್ ತಾನೇ ಬದಿಗಿಟ್ಟ ತುಣುಕುಗಳಲ್ಲಿ ಹಳೇ ಮಾಹಿತಿ ಉಳಿದಿರಬಹುದು, ಎನ್‌ವೈಪ್ ಅಲ್ಲಿಗೆ ತಲುಪುವುದಿಲ್ಲ. ಆ ಡಿಸ್ಕನ್ನು ಗುಜರಿಗೆ ಕೊಡುವ ಮೊದಲು ಕನ್ನಡಕ ಹಾಕಿಕೊಂಡು, 6 ಎಂಎಂ ಡ್ರಿಲ್ ಬಿಟ್ಟಿನಿಂದ ತಟ್ಟೆಗಳಿರುವ ಕಡೆ ಮೂರು ನಾಲ್ಕು ತೂತು ಆರಪಾರ ಕೊರೆಯಿರಿ.